ಪರರನ್ನು ಸ್ವಮತಕ್ಕೆ ಸೆಳೆಯುವ ಹಂಬಲ: ನಮ್ಮ ಶಾಸನಗಳು ಹೇಳುವ ಪಾಠ

ವಸ್ತುವಿನ ಸ್ವಭಾವವೇ ಧರ್ಮವೆಂದು ನಮ್ಮ ಪೂರ್ವಾಚಾರ್ಯರು ತಿಳಿಸಿದ್ದಾರೆ. ಹಾಗಿದ್ದರೆ ಒಬ್ಬನ ಧರ್ಮವನ್ನು ಇನ್ನೊಬ್ಬನು ಬದಲಿಸುವುದೆಂತು? ಆದರೂ ಇತಿಹಾಸದ ಉದ್ದಕ್ಕೂ ಧಾರ್ಮಿಕರು ಅನ್ಯರನ್ನು ತಮ್ಮ ಮತಕ್ಕೆ ಕರೆದಿದ್ದಾರೆ, ವಾದಿಸಿ ಒಪ್ಪಿಸಿದ್ದಾರೆ, ಕೆಲವೊಮ್ಮೆ ಬಲಪ್ರಯೋಗವನ್ನೂ ಮಾಡಿದ್ದಾರೆ. ಇದಕ್ಕೆ ಕಾರಣವೇನೆಂಬ ಪ್ರಶ್ನೆ ನಮ್ಮ ಸಭೆಗಳಲ್ಲಿ ಎದ್ದಾಗಲೆಲ್ಲ ಉತ್ತರವು ದೂರಿನ ರೂಪದಲ್ಲಿಯೇ ಬರುತ್ತದೆ: ಅವರು ನಮ್ಮ ಬಸದಿಗಳನ್ನು ಕಸಿದುಕೊಂಡರು, ನಮ್ಮವರನ್ನು ಸೆಳೆದುಕೊಂಡರು ಎಂದು. ಈ ದೂರಿನಲ್ಲಿ ಸತ್ಯಾಂಶವಿಲ್ಲವೆಂದಲ್ಲ. ಆದರೆ ಬರಬೇಕಾದ ಬಾಕಿಯನ್ನಷ್ಟೇ ಬರೆದು ಕೊಡಬೇಕಾದುದನ್ನು ಬಿಟ್ಟರೆ ಅದು ಲೆಕ್ಕವೆನಿಸದು. ಆದುದರಿಂದ ವಿಚಾರವನ್ನು ನಮ್ಮ ಮನೆಯಿಂದಲೇ ಆರಂಭಿಸುವುದು ಉಚಿತ.

ಭಗವಾನ್ ಮಹಾವೀರರ ಪ್ರಥಮ ಗಣಧರರಾದ ಇಂದ್ರಭೂತಿ ಗೌತಮರು ವೇದಪಾರಂಗತ ಬ್ರಾಹ್ಮಣರಾಗಿದ್ದರು. ಆದಿಕವಿ ಪಂಪನ ತಂದೆ ಅಭಿರಾಮದೇವರಾಯನು ಬ್ರಾಹ್ಮಣಕುಲದಲ್ಲಿ ಹುಟ್ಟಿ ಜಿನಧರ್ಮವನ್ನು ಸ್ವೀಕರಿಸಿದವನು. ಪಂಪನು ಇದನ್ನು ತನ್ನ ಕಾವ್ಯದಲ್ಲಿ ಅಭಿಮಾನದಿಂದ ಹೇಳಿಕೊಂಡಿದ್ದಾನೆ. ಆಚಾರ್ಯ ಸಮಂತಭದ್ರರು ಪಾಟಲಿಪುತ್ರ, ಮಾಳವ, ಸಿಂಧು, ಕಂಚಿ ಮೊದಲಾದೆಡೆ ವಾದಭೇರಿಯನ್ನು ಹೊಡೆಯಿಸುತ್ತ ಸಂಚರಿಸಿದರೆಂದು ಶ್ರವಣಬೆಳಗೊಳದ ಚಿಕ್ಕಬೆಟ್ಟದಲ್ಲಿರುವ ಮಲ್ಲಿಷೇಣ ಪ್ರಶಸ್ತಿ (ಕ್ರಿ.ಶ. 1129) ವರ್ಣಿಸುತ್ತದೆ. ವಾದಿರಾಜ, ವಾದೀಭಸಿಂಹ ಎಂಬ ಹೆಸರುಗಳೇ ಆ ಕಾಲದ ಗೌರವ ಯಾವುದಕ್ಕೆ ಸಲ್ಲುತ್ತಿತ್ತೆಂಬುದನ್ನು ಸೂಚಿಸುತ್ತವೆ. ಅನ್ಯರನ್ನು ಒಲಿಸಿಕೊಳ್ಳುವ ಕಾರ್ಯದಲ್ಲಿ ನಾವು ಕೇವಲ ಪ್ರೇಕ್ಷಕರಾಗಿರಲಿಲ್ಲ.

ಅದೇ ಮಲ್ಲಿಷೇಣ ಪ್ರಶಸ್ತಿಯಲ್ಲಿ ಅಕಲಂಕದೇವರ ಬಾಯಿಂದ ಹೇಳಿಸಿದ ಒಂದು ಶ್ಲೋಕವಿದೆ. ಅದರ ಭಾವಾರ್ಥವನ್ನು ನಾವು ನಿಧಾನವಾಗಿ ಮನನ ಮಾಡಬೇಕು. ಅಹಂಕಾರಕ್ಕೆ ವಶನಾಗಿ ಅಲ್ಲ, ದ್ವೇಷದಿಂದಲೂ ಅಲ್ಲ. ಆತ್ಮವಿಲ್ಲವೆಂಬ ಮತವನ್ನು ನಂಬಿ ಜನರು ಕೆಡುತ್ತಿರುವುದನ್ನು ಕಂಡು ಕರುಣೆಯಿಂದಲೇ ತಾನು ಹಿಮಶೀತಲ ರಾಜನ ಸಭೆಯಲ್ಲಿ ಬೌದ್ಧರನ್ನು ಗೆದ್ದುದಾಗಿ ಅವರು ಹೇಳುತ್ತಾರೆ. ಪರರನ್ನು ತನ್ನ ಮತಕ್ಕೆ ತರಬಯಸುವವನ ಅಂತರಂಗವನ್ನು ಇಷ್ಟು ಸ್ಪಷ್ಟವಾಗಿ ತೆರೆದಿಟ್ಟ ಮಾತು ವಿರಳ. ಬೆಂಕಿ ಬಿದ್ದ ಮನೆಯಲ್ಲಿ ಮಲಗಿದವನನ್ನು ಕಂಡು ಸುಮ್ಮನಿರಲು ಯಾರಿಗೆ ಸಾಧ್ಯ? ಆದರೆ ಆ ಶ್ಲೋಕವು ಕರುಣೆಯಲ್ಲಿ ಮುಗಿಯುವುದಿಲ್ಲ. ಅದರ ಅಂತ್ಯದಲ್ಲಿ ಪ್ರತಿಪಕ್ಷದವರ ಪೂಜ್ಯ ವಸ್ತುವನ್ನು ಕಾಲಿನಿಂದ ಒಡೆದ ಪ್ರಸ್ತಾಪವಿದೆ. ಕರುಣೆಯಿಂದ ಹೊರಟ ದಾರಿಯು ಕಾಲೊದೆತದಲ್ಲಿ ಮುಗಿದುದು ಹೇಗೆ?

ಇದಕ್ಕೆ ಉತ್ತರ ದೊರೆಯಬೇಕಾದರೆ ಹಾವೇರಿ ಜಿಲ್ಲೆಯ ಅಬ್ಬಲೂರಿಗೆ ಹೋಗಬೇಕು. ಅಲ್ಲಿಯ ಸೋಮೇಶ್ವರ ದೇವಾಲಯದಲ್ಲಿ ಕ್ರಿ.ಶ. 1200ರ ಸುಮಾರಿನ ಶಾಸನವಿದೆ. ಏಕಾಂತದ ರಾಮಯ್ಯನು ತನ್ನ ಶಿರಸ್ಸನ್ನು ಕತ್ತರಿಸಿ ಶಿವನಿಗೆ ಅರ್ಪಿಸಿ ಮರಳಿ ಪಡೆಯುವೆನೆಂದು ಪಣವೊಡ್ಡಿ ಗೆದ್ದನೆಂದೂ, ಜೈನರು ಮಾತಿನಂತೆ ನಡೆಯದಿದ್ದಾಗ ಜಿನಬಿಂಬವನ್ನು ಭಗ್ನಗೊಳಿಸಿದನೆಂದೂ, ದೂರು ಕೇಳಿದ ಬಿಜ್ಜಳನು ಕೊನೆಗೆ ಅವನಿಗೇ ಜಯಪತ್ರವನ್ನಿತ್ತನೆಂದೂ ಅದು ಹೇಳುತ್ತದೆ. ಪವಾಡದ ವಿಷಯವನ್ನು ನಂಬುವವರಿಗೆ ಬಿಡೋಣ. ಮಲ್ಲಿಷೇಣ ಪ್ರಶಸ್ತಿಯನ್ನೂ ಅಬ್ಬಲೂರಿನ ಶಾಸನವನ್ನೂ ಅಕ್ಕಪಕ್ಕದಲ್ಲಿಟ್ಟು ಓದಿದರೆ ಎರಡರಲ್ಲಿಯೂ ಒಂದೇ ಸಾಮಗ್ರಿಯಿದೆ: ವಾದ, ರಾಜನ ಸಾಕ್ಷ್ಯ, ಗೆಲುವು, ಸೋತವರ ಪೂಜ್ಯ ವಸ್ತುವಿಗೆ ಅವಮಾನ. ಒಂದನ್ನು ಓದಿ ಹಿಗ್ಗಿ ಇನ್ನೊಂದನ್ನು ಓದಿ ಕಣ್ಣೀರಿಡುವುದು ನ್ಯಾಯವಲ್ಲ.

ಕರುಣೆಯ ಜೊತೆಗೆ ಗೆಲುವಿನ ಆಸೆ ಸೇರಿದಾಗ ಅದರ ಸ್ವರೂಪವೇ ಬದಲಾಗುತ್ತದೆ. ಇದಕ್ಕೆ ಜೀವನೋಪಾಯದ ಕಾರಣವೂ ಉಂಟು. ಬಸದಿಯಾಗಲಿ ಶಿವಾಲಯವಾಗಲಿ ಅರಸರು, ಗಾವುಂಡರು, ಸೆಟ್ಟಿಗಳು ಬಿಟ್ಟ ದತ್ತಿಯಿಂದಲೇ ನಡೆಯಬೇಕಿತ್ತು. ಗಾವುಂಡನೊಬ್ಬನು ಮತ ಬದಲಿಸಿದರೆ ನಂದಾದೀಪದ ಎಣ್ಣೆ, ಮುನಿಗಳ ಆಹಾರದಾನ, ಪೂಜಾರಿಯ ಬದುಕು ಎಲ್ಲವೂ ಅಲುಗುತ್ತಿದ್ದವು. ಆದುದರಿಂದಲೇ ಎಲ್ಲ ಮತದವರ ಪ್ರಯತ್ನವೂ ಮೊದಲು ಸಿರಿವಂತರ ಮನೆಯ ಬಾಗಿಲಿಗೆ ಹೋಗುತ್ತಿತ್ತು. ಇವೆಲ್ಲಕ್ಕಿಂತ ಸೂಕ್ಷ್ಮವಾದ ಕಾರಣವೊಂದಿದೆ. ಸಮ್ಯಗ್ದರ್ಶನದ ಎಂಟು ಅಂಗಗಳಲ್ಲಿ ಮೊದಲನೆಯದು ನಿಃಶಂಕಿತ. ತನ್ನ ಶ್ರದ್ಧೆಯಲ್ಲಿ ಶಂಕೆಯುಳ್ಳವನು ಸಂಖ್ಯೆಯ ಆಸರೆಯನ್ನು ಹುಡುಕುತ್ತಾನೆ. ನೆರೆಯವನೂ ತನ್ನಂತೆ ನಂಬಿದರೆ ಮಾತ್ರ ಅವನಿಗೆ ನೆಮ್ಮದಿ.

ಇದಕ್ಕೆ ಭಿನ್ನವಾದ ದಾರಿಯನ್ನೂ ನಮ್ಮ ನಾಡು ಕಂಡಿದೆ. ಹೊಯ್ಸಳ ವಿಷ್ಣುವರ್ಧನನು ವೈಷ್ಣವನಾದ ಮೇಲೆ ಜೈನರನ್ನು ಹಿಂಸಿಸಿದನೆಂಬ ಕಥೆಯಿದೆ. ಶಾಸನಗಳ ಸಾಕ್ಷ್ಯ ಬೇರೆಯೇ ಆಗಿದೆ. 1117ರಲ್ಲಿ ಬೇಲೂರಿನ ದೇವಾಲಯವನ್ನು ಪ್ರತಿಷ್ಠಾಪಿಸಿದ ಆ ಅರಸನ ರಾಣಿ ಶಾಂತಲೆಯು 1123ರಲ್ಲಿ ಶ್ರವಣಬೆಳಗೊಳದಲ್ಲಿ ಸವತಿಗಂಧವಾರಣ ಬಸದಿಯನ್ನು ಕಟ್ಟಿಸಿದಳು. ಆಕೆಯ ತಂದೆ ಮಾರಸಿಂಗಯ್ಯನು ಶೈವ. ತಾಯಿ ಮಾಚಿಕಬ್ಬೆಯು ಸಲ್ಲೇಖನವ್ರತದಿಂದ ದೇಹತ್ಯಾಗ ಮಾಡಿದ ಜಿನಭಕ್ತೆ. 1133ರಲ್ಲಿ ದಂಡನಾಯಕ ಗಂಗರಾಜನ ಮಗ ಬೊಪ್ಪನು ಹಳೇಬೀಡಿನಲ್ಲಿ ಕಟ್ಟಿಸಿದ ಬಸದಿಯ ಪ್ರಸಾದವು ಬಂದಾಗ ಅರಸನು ಭಕ್ತಿಯಿಂದ ಸ್ವೀಕರಿಸಿ, ದೇವರಿಗೆ ವಿಜಯಪಾರ್ಶ್ವನೆಂದು ಹೆಸರಿಟ್ಟು ದತ್ತಿಯನ್ನು ಬಿಟ್ಟನು. ಒಂದೇ ಕುಟುಂಬದಲ್ಲಿ ಮೂರು ಮತಗಳಿದ್ದರೂ ಯಾರೂ ಯಾರನ್ನೂ ಗೆಲ್ಲಬೇಕಾಗಿರಲಿಲ್ಲ.

ಎರಡು ಶತಮಾನಗಳು ಕಳೆದ ಮೇಲೆ ಜೈನರಿಗೂ ಶ್ರೀವೈಷ್ಣವರಿಗೂ ವಿವಾದವುಂಟಾದಾಗ ಜೈನರು ವಿಜಯನಗರದ ಬುಕ್ಕರಾಯನಲ್ಲಿ ಮೊರೆಯಿಟ್ಟರು. 1368ರ ಶ್ರವಣಬೆಳಗೊಳದ ಶಾಸನದಂತೆ, ಅರಸನು ಜೈನರ ಕೈಯನ್ನು ವೈಷ್ಣವರ ಕೈಯಲ್ಲಿರಿಸಿ, ಎರಡು ದರ್ಶನಗಳಿಗೂ ಭೇದವಿಲ್ಲವೆಂದು ಸಾರಿ, ಪಂಚಮಹಾವಾದ್ಯ ಮತ್ತು ಕಳಶದ ಹಕ್ಕು ಜೈನರಿಗೆ ಮೊದಲಿನಂತೆ ಸಲ್ಲಬೇಕೆಂದು ವಿಧಿಸಿದನು. ಈ ಭಾಗವನ್ನು ನಾವು ಉತ್ಸವಗಳಲ್ಲಿ ಹೆಮ್ಮೆಯಿಂದ ಉಲ್ಲೇಖಿಸುತ್ತೇವೆ. ಆದರೆ ಶಾಸನವನ್ನು ಪೂರ್ತಿಯಾಗಿ ಓದಬೇಕು. ಅದು ಆರಂಭವಾಗುವುದು ರಾಮಾನುಜರನ್ನು ಪಾಷಂಡರೆಂಬ ಸಾಗರಕ್ಕೆ ಬಡಬಾಗ್ನಿಯೆಂದು ಸ್ತುತಿಸುವ ಶ್ಲೋಕದಿಂದ. ಬೆಳಗೊಳದ ದೇವರಿಗೆ ಇಪ್ಪತ್ತು ಮಂದಿ ಕಾವಲಿನವರನ್ನು ನೇಮಿಸುವ ಹೊಣೆ ತಿರುಮಲೆಯ ತಾತಯ್ಯನದು. ಅದಕ್ಕೆ ಬೇಕಾದ ಹಣವಾದರೋ ಜೈನರು ಮನೆಗೆ ವರ್ಷಕ್ಕೊಂದು ಹಣದಂತೆ ಕೊಟ್ಟುದು. ಉಳಿದ ಹಣದಿಂದ ಜೀರ್ಣ ಜಿನಾಲಯಗಳಿಗೆ ಸುಣ್ಣ ಬಳಿಯಿಸಬೇಕು. ಕೈಯಲ್ಲಿ ಕೈಯಿಟ್ಟ ಆ ಸೌಹಾರ್ದವು ಸುಳ್ಳಲ್ಲ. ಆದರೆ ಬಲವಿಲ್ಲದವರು ತಮ್ಮ ಕಾವಲಿನ ವೆಚ್ಚವನ್ನು ತಾವೇ ಭರಿಸಿದರೆಂಬುದೂ ಅಷ್ಟೇ ನಿಜ. ಅದೇ ಕಲ್ಲಿನಲ್ಲಿ ಮುಂದೆ ಕಲ್ಲೇಹದ ಬುಸುವಿಸೆಟ್ಟಿಯೆಂಬ ವರ್ತಕನ ಹೆಸರು ಬರುತ್ತದೆ. ಅರಸನಲ್ಲಿ ಬಿನ್ನವಿಸಿ, ತಾತಯ್ಯನನ್ನು ಕರೆಯಿಸಿ ಜೀರ್ಣೋದ್ಧಾರ ಮಾಡಿಸಿದ ಈತನಿಗೆ ಎರಡೂ ಸಮಯದವರು ಕೂಡಿ ಸಂಘನಾಯಕ ಪಟ್ಟವನ್ನು ಕಟ್ಟಿದರು. ಯಾರ ಮತವನ್ನೂ ಬದಲಿಸದೆ ಇಬ್ಬರ ಗೌರವವನ್ನೂ ಗಳಿಸಿದವನು ಈತ.

ಸಮಂತಭದ್ರರ ರತ್ನಕರಂಡಕ ಶ್ರಾವಕಾಚಾರದಲ್ಲಿ ಪ್ರಭಾವನೆಯು ಎಂಟನೆಯ ಅಂಗ. ಅಜ್ಞಾನದ ಕತ್ತಲನ್ನು ಹೋಗಲಾಡಿಸಿ ಜಿನಶಾಸನದ ಮಹಿಮೆಯನ್ನು ಬೆಳಗಿಸುವುದು ಅದರ ಲಕ್ಷಣ. ಜನರ ಸಂಖ್ಯೆಯನ್ನು ಹೆಚ್ಚಿಸಬೇಕೆಂಬ ಮಾತು ಅಲ್ಲಿಲ್ಲ. ಅದಕ್ಕಿಂತ ಮೊದಲು ಜಾರುತ್ತಿರುವವನನ್ನು ನಿಲ್ಲಿಸುವ ಸ್ಥಿತೀಕರಣ, ಸಹಧರ್ಮಿಗಳಲ್ಲಿ ನಿಷ್ಕಪಟ ಪ್ರೀತಿಯೆಂಬ ವಾತ್ಸಲ್ಯ ಬರುತ್ತವೆ. ವಾದಭೇರಿಯನ್ನು ಹೊಡೆಯಿಸಿದ ಆಚಾರ್ಯರೇ ಶ್ರಾವಕರಿಗೆ ಹೇಳಿಕೊಟ್ಟ ಕ್ರಮವಿದು.

ಇಂದು ನಮ್ಮ ಮನೆಯ ಮಗನೋ ಮಗಳೋ ಬಸದಿಯಿಂದ ದೂರವಾದರೆ ನಾವು ಸೆಳೆದವರ ಮೇಲೆ ಕೋಪಗೊಳ್ಳುತ್ತೇವೆ. ಅದಕ್ಕೆ ಮುನ್ನ ನಮ್ಮ ಟ್ರಸ್ಟುಗಳ ವಾರ್ಷಿಕ ಜಮಾಖರ್ಚನ್ನು ತೆರೆದು ನೋಡಬೇಕು. ಮಹೋತ್ಸವಕ್ಕೆ ಎಷ್ಟು, ಶಾಮಿಯಾನಕ್ಕೆ ಎಷ್ಟು, ಬಡ ಶ್ರಾವಕನ ಮಗುವಿನ ವಿದ್ಯೆಗೆ ಎಷ್ಟು, ಮಕ್ಕಳ ಸಂಶಯಗಳಿಗೆ ತಾಳ್ಮೆಯಿಂದ ಉತ್ತರಿಸುವ ಪಾಠಶಾಲೆಗೆ ಎಷ್ಟು? ಸ್ಥಿತೀಕರಣದ ಖಾತೆಯಲ್ಲಿ ಏನನ್ನೂ ಜಮೆ ಮಾಡದೆ ನಷ್ಟವಾಯಿತೆಂದು ಪರರನ್ನು ದೂರುವುದು ಶ್ರಾವಕನಿಗೆ ಒಪ್ಪುವ ನಡತೆಯಲ್ಲ.