ಕಿಂಡಿಯಲ್ಲಿ ಕಾಣದ ಮಸುಕು: ರೇಂಜ್‌ಫೈಂಡರ್ ಲೆನ್ಸ್‌ಗಳು ಹಿನ್ನೆಲೆಯನ್ನು ಬೇರ್ಪಡಿಸಿದ ಬಗೆ

ರೇಂಜ್‌ಫೈಂಡರ್ ಕ್ಯಾಮೆರಾದ ಕಿಂಡಿಯಲ್ಲಿ ಇಣುಕಿದರೆ ಎದುರಿನ ಮುಖವೂ ದೂರದ ಮರವೂ ಒಂದೇ ಸಮನೆ ಸ್ಪಷ್ಟವಾಗಿ ಕಾಣುತ್ತವೆ. ಆ ನೋಟ ಚಿತ್ರ ತೆಗೆಯುವ ಲೆನ್ಸ್‌ನ ಮೂಲಕ ಬಂದದ್ದಲ್ಲ, ಅದರ ಮೇಲಿನ ಬೇರೊಂದು ಗಾಜಿನ ಕಿಟಕಿಯಿಂದ ಬಂದದ್ದು. ಹಿನ್ನೆಲೆ ಎಷ್ಟು ಮಸುಕಾಯಿತು, ಯಾವ ಬಗೆಯಲ್ಲಿ ಮಸುಕಾಯಿತು ಎಂಬುದು ಫಿಲ್ಮ್ ತೊಳೆದ ಮೇಲಷ್ಟೇ ತಿಳಿಯುತ್ತಿತ್ತು. ಇಂದು ಈ ಲೆನ್ಸ್‌ಗಳ ಮಸುಕನ್ನು ತಯಾರಕರ ಶೈಲಿಯೆಂದು ಕೊಂಡಾಡುವ ರೂಢಿಯಿದೆ. ಆದರೆ ಮಂದ ಬೆಳಕಿನೊಡನೆ ಅವರು ನಡೆಸಿದ ಚೌಕಾಸಿಯ ಫಲವಾಗಿಯೇ ಅದನ್ನು ಓದಬೇಕೆಂಬುದು ಈ ಲೇಖನದ ವಾದ.

1925ರಲ್ಲಿ ಮಾರುಕಟ್ಟೆಗೆ ಬಂದ ಲೈಕಾಗೆ ಮ್ಯಾಕ್ಸ್ ಬೆರೆಕ್ ರೂಪಿಸಿದ 50 ಮಿ.ಮೀ. ಲೆನ್ಸ್‌ನ ಗರಿಷ್ಠ ತೆರಪು ಎಫ್/3.5. ಏಳು ವರ್ಷಗಳ ನಂತರ, 1932ರಲ್ಲಿ, ಲೆನ್ಸ್‌ಗೆ ಜೋಡಿಸಿದ ರೇಂಜ್‌ಫೈಂಡರ್ ಹೊತ್ತು ಲೈಕಾ-2 ಮತ್ತು ಝೈಸ್ ಇಕಾನ್‌ನ ಕಾಂಟಾಕ್ಸ್ ಎರಡೂ ಬಂದವು. ಕಾಂಟಾಕ್ಸ್‌ಗೆ ಲುಡ್ವಿಗ್ ಬರ್ಟೆಲೆ ಎಫ್/1.5ರ ಸೋನಾರ್ ಲೆನ್ಸ್ ಕೊಟ್ಟರು. ಲೆಕ್ಕ ಹಾಕಿ ನೋಡೋಣ. ಒಂದು ಮೀಟರ್ ದೂರದ ಮುಖಕ್ಕೆ ಫೋಕಸ್ ಮಾಡಿದಾಗ ಬಹುದೂರದ ಬೀದಿದೀಪವೊಂದು ಎಫ್/3.5ರಲ್ಲಿ ಫಿಲ್ಮ್ ಮೇಲೆ 0.75 ಮಿ.ಮೀ. ವ್ಯಾಸದ ಬಿಲ್ಲೆಯಾಗುತ್ತದೆ, ಎಫ್/1.5ರಲ್ಲಿ 1.75 ಮಿ.ಮೀ. ಆದರೆ ಆಗ ಸ್ಪಷ್ಟವಾಗಿ ಮೂಡುವ ಆಳ ಬರೀ ಮೂರೂವರೆ ಸೆಂಟಿಮೀಟರ್. ಕಣ್ಣಿಗೆ ಫೋಕಸ್ ಮಾಡಿದರೆ ಕಿವಿ ಕೈಬಿಟ್ಟುಹೋಗುತ್ತದೆ. ಇಷ್ಟು ನಿಖರತೆಗೆ ರೇಂಜ್‌ಫೈಂಡರ್‌ನ ಎರಡು ಕಿಂಡಿಗಳ ನಡುವಿನ ಅಂತರ ಹೆಚ್ಚಿದ್ದಷ್ಟೂ ಒಳ್ಳೆಯದು. ಲೈಕಾದಲ್ಲಿ ಅದು ಸುಮಾರು 4 ಸೆಂ.ಮೀ., ಕಾಂಟಾಕ್ಸ್‌ನಲ್ಲಿ ಸುಮಾರು 10. ಝೈಸ್‌ನವರು ಅಷ್ಟು ಬೇಗ ಎಫ್/1.5ಕ್ಕೆ ಕೈಹಾಕಲು ಈ ಅಗಲವೂ ಧೈರ್ಯ ಕೊಟ್ಟಿರಬೇಕು.

ತೆರಪಿನ ಅಂಕಿಯೊಂದರಿಂದಲೇ ವಸ್ತು ಹಿನ್ನೆಲೆಯಿಂದ ಎದ್ದು ನಿಲ್ಲುವುದಿಲ್ಲ. ಲೇಪನವಿಲ್ಲದ ಗಾಜಿನ ಪ್ರತಿ ಮೈಯೂ ಸುಮಾರು ನೂರಕ್ಕೆ ಐದರಷ್ಟು ಬೆಳಕನ್ನು ಹಿಂದಕ್ಕೆ ತಳ್ಳುತ್ತಿತ್ತು. ಬರ್ಟೆಲೆ ಏಳು ಗಾಜುಗಳನ್ನು ಮೂರೇ ಗುಂಪುಗಳಾಗಿ ಅಂಟಿಸಿದ್ದರಿಂದ ಗಾಳಿಗೆ ತೆರೆದ ಮೈಗಳು ಆರೇ ಉಳಿದವು. ಲೈಕಾದ ತಯಾರಕರಾದ ಲೈಟ್ಸ್ ಕಂಪನಿಯ 1936ರ ಕ್ಸೆನಾನ್ ಎಫ್/1.5ರಲ್ಲಿ ಗಾಜುಗಳು ಅಷ್ಟೇ, ಗುಂಪು ಐದು, ಮೈಗಳು ಹತ್ತು. ನೂರು ಪಾಲು ಬೆಳಕಿನಲ್ಲಿ ಸೋನಾರ್ ದಾಟಿಸುವುದು ಸುಮಾರು 74, ಕ್ಸೆನಾನ್ 60. ಕಳೆದುಹೋದ ಬೆಳಕು ಕಳೆದುಹೋಗಿ ಸುಮ್ಮನಿದ್ದರೆ ಚಿಂತೆಯಿರಲಿಲ್ಲ. ಅದರಲ್ಲಿ ಒಂದಷ್ಟು ಒಳಗೇ ಅಡ್ಡಾಡಿ ನೆರಳಿನ ಮೇಲೆ ಚೆಲ್ಲಿಕೊಳ್ಳುತ್ತದೆ. ಕಪ್ಪು ಕೂದಲಿನ ಅಂಚು ಬೂದಿಬಣ್ಣಕ್ಕೆ ತಿರುಗಿ ಹಿಂದಿನ ಗೋಡೆಯೊಡನೆ ಬೆರೆಯುತ್ತದೆ. ಝೈಸ್‌ನ ಅಲೆಕ್ಸಾಂಡರ್ ಸ್ಮಾಕುಲಾ 1935ರಲ್ಲಿ ಕಂಡುಹಿಡಿದ ಲೇಪನ ಎಲ್ಲೆಡೆ ಬಳಕೆಗೆ ಬರುವ ತನಕ ಸೋನಾರ್‌ನ ಮೇಲುಗೈಗೆ ಈ ಅಂಚಿನ ಕಪ್ಪೇ ಒಂದು ಮುಖ್ಯ ಕಾರಣ.

ಇನ್ನು ಮಸುಕಿನ ಗುಣ. ಲೆನ್ಸ್‌ನ ಅಂಚಿನಿಂದ ಬಂದ ಕಿರಣಗಳೂ ನಡುವಿನಿಂದ ಬಂದವೂ ಒಂದೇ ಬಿಂದುವಿನಲ್ಲಿ ಸೇರದಿರುವುದು ಗೋಳೀಯ ವಿಪಥನ. ಅದನ್ನು ತುಸು ಕಡಿಮೆ ತಿದ್ದಿದ್ದರೆ ಹಿನ್ನೆಲೆಯ ಬಿಲ್ಲೆ ನಡುವೆ ಬೆಳಗಿ ಅಂಚಿನಲ್ಲಿ ಕರಗುತ್ತದೆ. ಅತಿಯಾಗಿ ತಿದ್ದಿದ್ದರೆ ಅಂಚೇ ಹೊಳೆದು, ಹಿಂದಿನ ಒಂದು ಕಡ್ಡಿ ಎರಡು ಗೆರೆಯಾಗಿ ಕಾಣುತ್ತದೆ. ಸೋನಾರ್‌ನ ಒಲವು ಮೊದಲನೆಯದರತ್ತ. ಕ್ಸೆನಾನ್‌ನ ಉತ್ತರಾಧಿಕಾರಿ, 1949ರ ಸಮಾರಿಟ್, ಪೂರ್ತಿ ತೆರೆದಾಗ ಹಿನ್ನೆಲೆಯನ್ನು ಸುಳಿಯಾಗಿಸುತ್ತದೆ. ಚೌಕಟ್ಟಿನ ಮೂಲೆಗಳಲ್ಲಿ ಲೆನ್ಸ್‌ನ ಕೊಳವೆಯೇ ಬಿಲ್ಲೆಯನ್ನು ಕತ್ತರಿಸಿ ಬಾದಾಮಿಯ ಆಕಾರಕ್ಕೆ ತರುವುದು ಆ ಸುಳಿಗೆ ಕಾರಣ. ಸೋನಾರ್‌ನ ಮೃದುತ್ವವೂ ಪುಕ್ಕಟೆಯಲ್ಲ. ತೆರಪನ್ನು ಕಿರಿದಾಗಿಸಿದಂತೆ ಅದರ ಫೋಕಸ್ ಹಿಂದಕ್ಕೆ ಜಾರುತ್ತದೆ, ಕಿಂಡಿಯಲ್ಲಿ ಅದರ ಸುಳಿವೇ ಇರದು. ಈ ಶತಮಾನದಲ್ಲಿ ಕೊಸೀನಾ ತಯಾರಿಸಿದ ಝೈಸ್ ಸಿ-ಸೋನಾರ್‌ಗೂ ಇದೇ ಕಾಟ. ಎಫ್/2.8ಕ್ಕೆ ಹೊಂದಿಸಿದ ಪ್ರತಿಯನ್ನು ಎಫ್/1.5ರಲ್ಲಿ ಬಳಸಿದರೆ ಕಣ್ಣಿನ ಬದಲು ಮೂಗು ಸ್ಪಷ್ಟವಾದೀತು.

1953ರ ಸಮಿಕ್ರಾನ್ ಎಫ್/2 ಬೇರೆ ದಾರಿ ಹಿಡಿಯಿತು. ಲ್ಯಾಂಥನಂ ಬೆರೆತ ಗಾಜು, ಬಿಗಿಯಾದ ತಿದ್ದುಪಡಿ. ಇಲ್ಲಿ ಹಿನ್ನೆಲೆ ಅಷ್ಟಾಗಿ ಕರಗುವುದಿಲ್ಲ, ಫೋಕಸ್ ಆದ ಭಾಗವೇ ಚೂಪಾಗಿ ಮುಂದೆ ಬರುತ್ತದೆ. ಬರೀ ಮಸುಕನ್ನು ಅಳೆಯುವವರ ಕಣ್ಣಿಗೆ ಈ ಬಗೆಯ ಬೇರ್ಪಡಿಕೆ ಬೀಳುವುದೇ ಇಲ್ಲ. ಉದ್ದೇಶಪೂರ್ವಕವಾಗಿ ಮಸುಕನ್ನೇ ಅರಸಿದ ಲೆನ್ಸ್ ಎಂದರೆ 1935ರ 90 ಮಿ.ಮೀ. ಥಾಂಬಾರ್. ಆದರೆ ಅದು ಹಿನ್ನೆಲೆಯ ಜೊತೆಗೆ ಮುಖವನ್ನೂ ಮೃದುವಾಗಿಸುತ್ತಿತ್ತು.

ಐವತ್ತರ ದಶಕದಿಂದ ಮುಂದೆ ತೆರಪಿನ ಅಂಕಿಗಳ ಪೈಪೋಟಿ. ಜಪಾನಿನಲ್ಲಿ 1953ರ ಝೂನೋ ಎಫ್/1.1, 1956ರ ನಿಕ್ಕಾರ್ ಎಫ್/1.1, 1961ರ ಕ್ಯಾನನ್ ಎಫ್/0.95. ಲೈಟ್ಸ್ 1966ರಲ್ಲಿ ಕೈಯಿಂದ ಉಜ್ಜಿದ ಅಗೋಳೀಯ ಮೈಗಳ ನಾಕ್ಟಿಲಕ್ಸ್ ಎಫ್/1.2 ತಂದಿತು. ಅದು ದುಬಾರಿಯಾದಾಗ ಕೆನಡಾದ ಮಿಡ್‌ಲ್ಯಾಂಡ್ ಘಟಕದ ವಾಲ್ಟರ್ ಮಾಂಡ್ಲರ್ ಬರೀ ಗೋಳೀಯ ಮೈಗಳಿಂದಲೇ ಎಫ್/1 ಸಾಧಿಸಿದರು. ಈ ನಾಕ್ಟಿಲಕ್ಸ್‌ನಲ್ಲಿ ಒಂದು ಮೀಟರ್‌ಗೆ ಫೋಕಸ್ ಮಾಡಿದರೆ ನಮ್ಮ ಬೀದಿದೀಪ 2.6 ಮಿ.ಮೀ. ಬಿಲ್ಲೆಯಾಗುತ್ತದೆ. 90 ಮಿ.ಮೀ. ಎಫ್/2 ಲೆನ್ಸ್ ಹಿಡಿದು ಅದೇ ಮುಖ ಅದೇ ಅಳತೆಗೆ ಬರುವಷ್ಟು ಹಿಂದೆ ಸರಿದರೆ 2.4 ಮಿ.ಮೀ. ಬಹುದೂರದ ಹಿನ್ನೆಲೆಯ ಮಸುಕನ್ನು ನಿರ್ಧರಿಸುವುದು ತೆರಪಿನ ನಿಜವಾದ ವ್ಯಾಸ. ಒಂದರಲ್ಲಿ 50 ಮಿ.ಮೀ., ಇನ್ನೊಂದರಲ್ಲಿ 45. ಬೆಳಕಿನ ಲೆಕ್ಕದಲ್ಲಿ ಮಾತ್ರ ನಾಕ್ಟಿಲಕ್ಸ್ ನಾಲ್ಕು ಪಟ್ಟು ಮುಂದಿದೆ. ಮಸುಕೊಂದಕ್ಕಾಗಿಯೇ ಅದನ್ನು ಕೊಳ್ಳುವವರು ಉಳಿದ ಮೂರು ಪಾಲಿಗೂ ಬೆಲೆ ತೆರುತ್ತಾರೆ.