ಇಂಗ್ಲಿಷ್ ಅಲಂಕಾರಗಳು: ಕನ್ನಡ ಮಾಧ್ಯಮದವರಿಗೆ ಕೈದೀವಿಗೆ

ಎಸ್ಸೆಸ್ಸೆಲ್ಸಿ ಇಂಗ್ಲಿಷ್ ಪತ್ರಿಕೆಯಲ್ಲಿ ಅಲಂಕಾರ ಗುರುತಿಸಲು ಕೇಳಿದರೆ ಚಳ್ಳಕೆರೆ, ಮೊಳಕಾಲ್ಮುರು ಸೀಮೆಯ ಕನ್ನಡ ಮಾಧ್ಯಮದ ವಿದ್ಯಾರ್ಥಿಗಳು ಅಂಜಬೇಕಿಲ್ಲ. ಇವುಗಳಲ್ಲಿ ಹಲವನ್ನು 9ನೇ ಶತಮಾನದ 'ಕವಿರಾಜಮಾರ್ಗ'ವೇ ನಿರೂಪಿಸಿದೆ.

ಸಿಮಿಲಿ – ಉಪಮೆ. 'ಲೈಕ್', 'ಆ್ಯಸ್' ಎಂಬ ವಾಚಕಪದವಿರುತ್ತದೆ: ರೇಷ್ಮೆ ಸೀರೆ ನವಿಲಿನಂತೆ ಹೊಳೆಯಿತು.

ಮೆಟಫರ್ – ರೂಪಕ. ವಾಚಕಪದವಿಲ್ಲದೆ ಅಭೇದ ಹೇಳುತ್ತದೆ: ಮಗ್ಗವೇ ನೇಕಾರನ ಹೊಲ.

ಪರ್ಸಾನಿಫಿಕೇಶನ್ – ಮಾನವೀಕರಣ: ಬತ್ತಿದ ವೇದಾವತಿ ಮಳೆಗೆ ಮೊರೆಯಿಟ್ಟಳು.

ಹೈಪರ್‌ಬೊಲಿ – ಅತಿಶಯೋಕ್ತಿ: ಬಿಸಿಲಿಗೆ ಬಂಡೆಯೇ ಕರಗಿತು.

ಅಲಿಟರೇಶನ್ – ಅನುಪ್ರಾಸಕ್ಕೆ ಸಮೀಪವಾದುದು. ಎಡವುವುದು ಇಲ್ಲಿಯೇ. ಕನ್ನಡದ ಆದಿಪ್ರಾಸ ಪಾದದ ಎರಡನೆಯ ಅಕ್ಷರದ್ದು. ಇಂಗ್ಲಿಷಿನದು ಪದಾರಂಭದ ಧ್ವನಿಯದು. ಅಕ್ಷರ ಒಂದೇ ಆದರೆ ಸಾಲದು: 'ಸಿಟಿ', 'ಕ್ಯಾಟ್' ಎರಡೂ 'ಸಿ' ಅಕ್ಷರದಿಂದ ಆರಂಭವಾದರೂ ಧ್ವನಿ ಬೇರೆ. ಆದ್ದರಿಂದ ಸಾಲನ್ನು ಮನಸ್ಸಿನಲ್ಲೇ ಉಚ್ಚರಿಸಿ, ಬಳಿಕ ಉತ್ತರಿಸುವುದು ಕ್ಷೇಮ.