21 ದಿನಕ್ಕೊಂದು ಸೂಜಿ



ಕಾಯಿಲೆ ಬಂದ ಮೇಲೆ ಆಂಟಿಬಯೋಟಿಕ್ ತಗೊಳ್ಳೋದು ಎಲ್ಲರಿಗೂ ಗೊತ್ತು. ಬರದ ಹಾಗೆ ವರ್ಷಗಟ್ಟಲೆ ತಗೋಬೇಕಾದ ಒಂದು ಕಾಯಿಲೆಯೂ ಇದೆ. ಅದರ ಚರಿತ್ರೆ ನಮ್ಮ ಕೇರಿಯ ಚರಿತ್ರೆಯೂ ಹೌದು.

ಹಂಪಾಪುರದಲ್ಲಿ ನಮ್ಮದು ಒಂದಂಕಣದ ಮನೆ, ಏಳು ಜನ. ತಂಗಿಗೆ ಹತ್ತು ವರ್ಷ ಇದ್ದಾಗ ಗಂಟಲು ನೋವು ಬಂದು ವಾಸಿಯಾಯ್ತು. ಮೂರು ವಾರ ಕಳೆದು ಜ್ವರ, ಮಂಡಿ ಊತ. ಅವ್ವ ಗಾಳಿ ಸೋಕಿದೆ ಅಂದಳು. ಮೈಸೂರಿನ ಡಾಕ್ಟರು ರುಮ್ಯಾಟಿಕ್ ಜ್ವರ ಅಂದರು. ಗಂಟಲಿನ ಸ್ಟ್ರೆಪ್ಟೋಕಾಕಸ್ ಬ್ಯಾಕ್ಟೀರಿಯಾ ವಿರುದ್ಧ ದೇಹ ಮಾಡುವ ಹೋರಾಟ ತಿರುಗಿ ಹೃದಯದ ಕವಾಟಕ್ಕೇ ಪೆಟ್ಟು ಕೊಡುತ್ತೆ. ಮರುಕಳಿಸಿದಷ್ಟೂ ಕವಾಟ ಹಾಳು. ಅದಕ್ಕೇ 21 ದಿನಕ್ಕೊಂದು ಬೆಂಜಾಥೀನ್ ಪೆನಿಸಿಲಿನ್ ಸೂಜಿ.

ಇದು ಹೊಸ ಉಪಾಯವಲ್ಲ. ದಿನಾ ಸಲ್ಫಾ ಔಷಧಿ ಕೊಟ್ಟರೆ ಈ ಜ್ವರ ಮರುಕಳಿಸೋದನ್ನ ತಡೆಯಬಹುದು ಅಂತ ಅಮೆರಿಕದ ವೈದ್ಯರು 1939ರಲ್ಲೇ ತೋರಿಸಿದ್ದರು. 1952ರಲ್ಲಿ ಜೀನ್ ಸ್ಟಾಲರ್‌ಮನ್, ಮೈಯಲ್ಲಿ ನಿಧಾನಕ್ಕೆ ಕರಗುವ ಬೆಂಜಾಥೀನ್ ಪೆನಿಸಿಲಿನ್ ಸೂಜಿಯಿಂದ ಅದೇ ಕೆಲಸ ಆಗುತ್ತೆ ಅಂತ ಬರೆದರು. 1954ರಲ್ಲಿ ಪುಣೆ ಹತ್ತಿರದ ಪಿಂಪ್ರಿಯಲ್ಲಿ ಸರ್ಕಾರಿ ಪೆನಿಸಿಲಿನ್ ಕಂಪನಿ ಶುರುವಾಯ್ತು. 1981ರಲ್ಲಿ ಬೆಂಗಳೂರಿಗೆ ಕರ್ನಾಟಕ ಆಂಟಿಬಯೋಟಿಕ್ಸ್ ಬಂತು. ಕಾರ್ಖಾನೆ ಬೆಂಗಳೂರಿನ ತನಕ ಬಂತು, ಸೂಜಿ ನಮ್ಮ ಕೇರಿ ತನಕ ಬರಲಿಲ್ಲ.

ಹತ್ತಿರದ ಒಂದು ಆಸ್ಪತ್ರೆಯಲ್ಲಿ ಚೀಟಿ ನೋಡಿ, "ರಿಯಾಕ್ಷನ್ ಆದ್ರೆ ಯಾರು ಹೊಣೆ? ಮೈಸೂರಿಗೇ ಹೋಗಿ" ಅಂದರು. ಆ ಭಯ ಸುಳ್ಳಲ್ಲ. ಆದರೆ ಪ್ರಾಣಕ್ಕೆ ಕುತ್ತು ತರುವ ಅಲರ್ಜಿ ಅಪರೂಪ, ಅದಕ್ಕೆ ಅಡ್ರಿನಲಿನ್ ಇದೆ. ನಮ್ಮ ಪಾಲಿಗೆ ಉಳಿದದ್ದು 21 ದಿನಕ್ಕೊಮ್ಮೆ ಅವ್ವನ ಒಂದು ದಿನದ ಕೂಲಿ ಹೋಗೋದು, ಇಬ್ಬರ ಬಸ್ ಚಾರ್ಜು. ಹೊಗೆಸೊಪ್ಪಿನ ಕೆಲಸದ ಕಾಲ ಬಂತು, ನಾಲ್ಕು ತಿಂಗಳು ಸೂಜಿ ತಪ್ಪಿತು. ಜ್ವರ ಮತ್ತೆ ಬಂತು, ಕವಾಟ ಹೋಯ್ತು. ಆಪರೇಷನ್ ಆಗಿ ತಂಗಿ ಬದುಕಿದ್ದಾಳೆ. ಎಲ್ಲರ ತಂಗಿಯರೂ ಬದುಕಲಿಲ್ಲ.

ಇನ್ನೊಂದು ಮಾತು. ಡೆನ್ಮಾರ್ಕಿನಂಥ ದೇಶಗಳಲ್ಲಿ ಪೆನಿಸಿಲಿನ್ ಬರೋಕೆ ಮೊದಲೇ ಈ ಜ್ವರ ಇಳಿಯತೊಡಗಿತ್ತು. ಮನೆಗಳು ಸುಧಾರಿಸಿ, ಒತ್ತೊತ್ತಾಗಿ ಮಲಗೋದು ಕಡಿಮೆಯಾದದ್ದು ಅದಕ್ಕೆ ಒಂದು ಮುಖ್ಯ ಕಾರಣ. ಊರಾಚೆ ಇಷ್ಟೇ ಜಾಗ ಅಂತ ನಮ್ಮನ್ನ ಒತ್ತರಿಸಿ ಕೂರಿಸಿದವರು ಈ ರೋಗಕ್ಕೂ ಅಲ್ಲೇ ಜಾಗ ಕೊಟ್ಟರು.

ನಾನು ಗುಮಾಸ್ತ. ನಿವೇಶನದ ಅರ್ಜಿ ಟೇಬಲ್ಲಿಗೆ ಬಂದರೆ ಆರೋಗ್ಯದ ಅರ್ಜಿ ಅಂತಲೇ ಓದ್ತೀನಿ. ನಿಮ್ಮ ಕೇರಿಯಲ್ಲಿ ಈ ಸೂಜಿ ತಗೊಳ್ಳೋ ಮಗು ಇದ್ದರೆ ತಾರೀಖನ್ನ ಕ್ಯಾಲೆಂಡರಿನಲ್ಲಿ ಗುರುತು ಹಾಕಿ. ಹತ್ತಿರದ ಸರ್ಕಾರಿ ಆಸ್ಪತ್ರೆಯಲ್ಲೇ ಕೊಡಿ ಅಂತ ಕೇಳಿ. ಒಬ್ಬರೇ ಹೋಗಬೇಡಿ, ನಾಲ್ಕು ಜನ ಜೊತೆಗೆ ಹೋಗಿ.

ಜೈ ಭೀಮ್.